ಕಂತು ಕಂತಾಗಿ ಬಂದ ಪ್ರೇಮ

ಎಂ.ಕೆ. ಇಂದಿರಾ ಕಾದಂಬರಿಗೆ ಕೈ ಹಚ್ಚಿದಾಗ ಅವರಿಗೆ 45 ವರ್ಷ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆಯ ಓದು ಬೇಗ ನಿಂತಿತ್ತು, 12ಕ್ಕೇ ಮದುವೆಯಾಗಿತ್ತು. ಬಸಿರು, ಬಾಣಂತನ, ಹಬ್ಬ ಹುಣ್ಣಿಮೆ, ಬಂದು ಹೋಗುವ ನೆಂಟರು ಎಲ್ಲ ಒಂದು ಸುತ್ತು ಮುಗಿದ ಮೇಲೆ ಪೆನ್ನು ಹಿಡಿದರು. 1963ರಲ್ಲಿ 'ತುಂಗಭದ್ರ' ಅಚ್ಚಾಯಿತು, ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೂ ತಂದಿತು. ಆಮೇಲೆ 'ಸದಾನಂದ', 'ಗೆಜ್ಜೆಪೂಜೆ', 'ಫಣಿಯಮ್ಮ' ಎಂದು ಸಾಲು ಸಾಲಾಗಿ ಬಂದವು.

ಇಂಥವರನ್ನು ನೆನೆಯುವ ಸಭೆಗಳಲ್ಲಿ ಒಂದು ಹೊಗಳಿಕೆ ತಪ್ಪದೆ ಕೇಳಿಸುತ್ತದೆ. ಸಂಸಾರದ ಜಂಜಾಟದ ನಡುವೆಯೂ ಬರೆದರಲ್ಲ, ಮಹಾತಾಯಿ ಅಂತ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನಿಂದ ಕೇಳಿದವಳಿಗೆ ಉಪಯೋಗವಿಲ್ಲ. ಕನಕಪುರದಲ್ಲೋ ಮಾಗಡಿಯಲ್ಲೋ ಕೂತು, ಎರಡು ಮಕ್ಕಳನ್ನು ಸಾಕುತ್ತಾ, ನನಗೂ ಒಂದು ಪ್ರೇಮಕಾದಂಬರಿ ಬರೆಯಬೇಕು ಅಂದುಕೊಂಡ ಹೆಣ್ಣುಮಗಳಿಗೆ ಮಹಾತಾಯಿಯರ ಪಟ್ಟಿ ಕೊಟ್ಟರೆ ಏನಾಗುತ್ತದೆ? ಅದು ನನ್ನಂಥವರ ಕೈಲಿ ಆಗುವ ಕೆಲಸವಲ್ಲ ಎಂದು ಎದ್ದು ಹೋಗುತ್ತಾಳೆ. ಆ ಹೆಂಗಸರು ಹೇಗೆ ಬರೆದರು, ಬರೆದದ್ದು ಹೇಗೆ ಅಚ್ಚಾಯಿತು, ಯಾರು ದುಡ್ಡು ಕೊಟ್ಟು ಓದಿದರು ಎಂದು ಹೇಳಿದರೆ ಅವಳಿಗೊಂದು ದಾರಿ ಕಾಣುತ್ತದೆ.

ಮೊದಲನೆಯ ಗುಟ್ಟು ವಾರಪತ್ರಿಕೆ. 'ಪ್ರಜಾಮತ', 'ಕರ್ಮವೀರ' ಮೊದಲೇ ಇದ್ದವು. 1965ರಲ್ಲಿ 'ಸುಧಾ' ಬಂತು, 1983ರಲ್ಲಿ 'ತರಂಗ'. ಇವೆಲ್ಲ ಧಾರಾವಾಹಿ ಕಾದಂಬರಿಯ ಬೆನ್ನೇರಿ ಮನೆಮನೆಗೆ ಹೋದ ಪತ್ರಿಕೆಗಳು. ಧಾರಾವಾಹಿ ಎಂದರೆ ವಾರಕ್ಕೆ ಎರಡು ಮೂರು ಪುಟ. ಒಂದು ಸಂದರ್ಭ, ಒಂದು ಮಾತುಕತೆ, ಕೊನೆಗೆ ಮುಂದಿನ ವಾರಕ್ಕೆ ಕಾಯಿಸುವ ಒಂದು ಎಳೆ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರುವ ತನಕ ಸಿಗುವ ಹೊತ್ತಿಗೆ ಹೇಳಿ ಮಾಡಿಸಿದ ಅಳತೆ. ನಡುವೆ ಹಾಲಿನವನು ಕೂಗಿದರೂ ಮಗು ಎದ್ದು ಅತ್ತರೂ ಅಷ್ಟೇನೂ ಕೆಡುವುದಿಲ್ಲ. ಮಹಾಕಾವ್ಯಕ್ಕೆ ಏಕಾಂತ ಬೇಕಾದೀತು, ಕಂತಿಗೆ ಒಂದು ಮಧ್ಯಾಹ್ನ ಸಾಕು. ಓದುವವಳಿಗೂ ಅಷ್ಟೇ ಬಿಡುವು, ಅದೇ ಹೊತ್ತಿನಲ್ಲಿ. ಬರೆಯುವವಳ ಮತ್ತು ಓದುವವಳ ದಿನಚರಿ ಹೀಗೆ ಒಂದಕ್ಕೊಂದು ಹೊಂದಿಕೊಂಡಿದ್ದು ಕನ್ನಡ ಜನಪ್ರಿಯ ಕಾದಂಬರಿಯ ದೊಡ್ಡ ಅದೃಷ್ಟ ಎಂದು ನನ್ನ ಎಣಿಕೆ.

ಲೆಕ್ಕ ಹಾಕಿ ನೋಡಿ. ಅಚ್ಚಾದ ಕನ್ನಡ ಪುಸ್ತಕದ ಒಂದು ಪುಟದಲ್ಲಿ ಹೆಚ್ಚುಕಡಿಮೆ 200 ಪದ ಹಿಡಿಯುತ್ತವೆ. ದಿನಕ್ಕೆ ಅಷ್ಟೇ ಬರೆದರೂ 200 ದಿನಕ್ಕೆ 200 ಪುಟದ ಕಾದಂಬರಿ. ಹಬ್ಬ, ಜ್ವರ, ಮದುವೆ, ತಿಥಿ ಎಲ್ಲ ಕಳೆದರೂ ವರ್ಷಕ್ಕೊಂದು ಆಗುತ್ತದೆ. ಸಾಯಿಸುತೆಯವರ ಕಾದಂಬರಿಗಳ ಸಂಖ್ಯೆ ನೂರು ದಾಟಿದೆ ಎಂದಾಗ ಹುಬ್ಬೇರಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಅಲ್ಲಿರುವುದು ಪವಾಡವಲ್ಲ, ದಿನವೂ ತಪ್ಪದ ರೂಢಿ.

ಎರಡನೆಯ ಗುಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿ. ಒಂದು ಸಣ್ಣ ಮಳಿಗೆ, ಗೋಡೆ ತುಂಬ ರಟ್ಟು ಹಾಕಿದ ಪುಸ್ತಕ, ಠೇವಣಿ ಕಟ್ಟಿದವರಿಗೆ ದಿನದ ಬಾಡಿಗೆಗೆ ಕಾದಂಬರಿ. ಹೆಂಗಸರು ಪುಸ್ತಕ ಕೊಂಡು ಓದುವಷ್ಟು ಕಾಸು ಕೈಯಲ್ಲಿ ಇಟ್ಟುಕೊಳ್ಳದ ಕಾಲದಲ್ಲಿ ಪ್ರಕಾಶಕನಿಗೆ ಧೈರ್ಯ ಕೊಟ್ಟದ್ದು ಈ ಮಳಿಗೆಗಳೇ. ವಾರಪತ್ರಿಕೆಯಲ್ಲಿ ಹೆಸರಾದ ಕಾದಂಬರಿ ಪುಸ್ತಕವಾದರೆ ಲೈಬ್ರರಿಗಳು ಕೊಳ್ಳುತ್ತವೆ ಎಂಬ ಭರವಸೆ ಅವನಿಗಿತ್ತು. ಹೊಸಬಳ ಹೆಸರಿಗೂ ಅವನು ಕಾಗದ ತರಿಸಿದ್ದು ಈ ಲೆಕ್ಕದ ಮೇಲೆ. ಅದರ ಮೇಲೆ ಸಿನಿಮಾ. ಉಷಾ ನವರತ್ನರಾಂ ಅವರ 'ಹೊಂಬಿಸಿಲು', 'ಬಂಧನ', ಎಚ್.ಜಿ. ರಾಧಾದೇವಿಯವರ 'ಸುವರ್ಣ ಸೇತುವೆ', ವಾಣಿಯವರ 'ಎರಡು ಕನಸು', 'ಶುಭಮಂಗಳ', 'ಹೊಸಬೆಳಕು' ಇವೆಲ್ಲ ತೆರೆಗೆ ಬಂದವು. ವಾರದ ಕಂತು, ಬಾಡಿಗೆ ಪುಸ್ತಕ, ಟೆಂಟು ಟಾಕೀಸು: ಒಂದು ಪ್ರೇಮಕಥೆ ಮೂರು ಸಲ ಓದುಗರನ್ನು ಮುಟ್ಟುತ್ತಿತ್ತು.

ನಮ್ಮ ಕಡೆಯವರು ಇದನ್ನೆಲ್ಲ ದೂರದ ಊರಿನ ಸಂಗತಿ ಎಂದುಕೊಳ್ಳಬೇಕಿಲ್ಲ. ಚನ್ನಪಟ್ಟಣದಲ್ಲಿ ಮೈಸೂರು ಕಡೆಯ ರೈಲು ಹತ್ತಿದರೆ ಮದ್ದೂರು ದಾಟಿ ಮಂಡ್ಯ, ಅದು ತ್ರಿವೇಣಿಯವರ ತವರು. ಇನ್ನಷ್ಟು ಹೊತ್ತು ಕೂತರೆ ಶ್ರೀರಂಗಪಟ್ಟಣ, ವಾಣಿ ಎಂಬ ಹೆಸರಿನಲ್ಲಿ ಬರೆದ ಬಿ.ಎನ್. ಸುಬ್ಬಮ್ಮನವರ ಊರು. ಮೈಸೂರಿನ ಚಾಮರಾಜಪುರಂನಲ್ಲಿ ತ್ರಿವೇಣಿ ಸಂಸಾರ ಹೂಡಿ ಬರೆದ ಮನೆ. ಕನ್ನಡದ ಹೆಣ್ಣುಮಕ್ಕಳ ಪ್ರೇಮಕಾದಂಬರಿಯ ಅರ್ಧ ಚರಿತ್ರೆ ನಮ್ಮ ಪ್ಯಾಸೆಂಜರ್ ರೈಲಿನ ಹಳಿಯ ಮೇಲೆಯೇ ಇದೆ.

ತ್ರಿವೇಣಿಯವರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಪ್ರೇಮಕಾದಂಬರಿ ಎಂದರೆ ಮೂಗು ಮುರಿಯುವವರಿಗೆ ಅವರೇ ಉತ್ತರ. ನಿಜನಾಮ ಅನಸೂಯಾ, ಹುಟ್ಟಿದ್ದು 1928ರಲ್ಲಿ. ಮನಶ್ಶಾಸ್ತ್ರ ಓದಿದ್ದರು. ಮೊದಲ ಕಾದಂಬರಿ 'ಅಪಸ್ವರ' 1953ರಲ್ಲಿ ಬಂತು. ಅಲ್ಲಿಂದ ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು 20 ಕಾದಂಬರಿ, ಮೂರು ಕಥಾಸಂಕಲನ. 1963ರ ಜುಲೈನಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. 35 ಕೂಡ ತುಂಬಿರಲಿಲ್ಲ. ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಮುಗಿಸಿಕೊಟ್ಟರು.

'ಬೆಳ್ಳಿಮೋಡ'ವನ್ನು ನೋಡಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಮಾವನ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋದ ಮೋಹನನ ಜೊತೆ ಮದುವೆ ನಿಶ್ಚಯ. ಅಷ್ಟರಲ್ಲಿ ಅವಳ ತಾಯಿಗೆ ತಡವಾಗಿ ಗಂಡುಮಗು ಹುಟ್ಟುತ್ತದೆ, ಆಸ್ತಿ ಕೈತಪ್ಪುತ್ತದೆ, ಹುಡುಗ ಹಿಂದೆ ಸರಿಯುತ್ತಾನೆ. ಮುಂದೆ ಅವನು ಬಿದ್ದು ಕಾಲು ಮುರಿದುಕೊಂಡಾಗ ಅವಳೇ ಶುಶ್ರೂಷೆ ಮಾಡುತ್ತಾಳೆ, ಅವನು ಪಶ್ಚಾತ್ತಾಪಪಟ್ಟು ಕೈ ಚಾಚುತ್ತಾನೆ. ಇಲ್ಲಿಗೆ ಮದುವೆ ಮಾಡಿಸಿ ಮುಗಿಸುವುದು ಯಾವ ಲೇಖಕಿಗೂ ಸುಲಭವಿತ್ತು. ತ್ರಿವೇಣಿಯ ಇಂದಿರಾ ಬೇಡ ಅನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ತೆರೆಗೆ ತಂದಾಗಲೂ ಜನ ಮಾತಾಡಿಕೊಂಡದ್ದು ಆ ನಿರಾಕರಣೆಯ ಬಗ್ಗೆಯೇ. 'ಶರಪಂಜರ'ದಲ್ಲಿ ಇನ್ನೂ ಮುಂದೆ ಹೋದರು. ಬಾಣಂತನದಲ್ಲಿ ಮನಸ್ಸು ಕದಡಿದ ಹೆಂಗಸು ಗುಣವಾಗಿ ಮನೆಗೆ ಬರುತ್ತಾಳೆ. ಗಂಡ, ನೆಂಟರು, ನೆರೆಯವರು ಮಾತ್ರ ಅವಳನ್ನು ಹುಚ್ಚಿಯಾಗಿಯೇ ನೋಡುತ್ತಾರೆ. ಹೆರಿಗೆಯ ನಂತರದ ಖಿನ್ನತೆ ಎಂದು ಇವತ್ತು ಆಸ್ಪತ್ರೆಯ ಗೋಡೆಗಳ ಮೇಲೆ ಚೀಟಿ ಅಂಟಿಸುತ್ತಾರಲ್ಲ, ಆ ಕಾಯಿಲೆ ಮನೆಯೊಳಗೆ ಹೇಗಿರುತ್ತದೆ ಎಂದು 60 ವರ್ಷ ಹಿಂದೆಯೇ ಕನ್ನಡದ ಜನಪ್ರಿಯ ಕಾದಂಬರಿ ಹೇಳಿತ್ತು.

ಇಂಥದ್ದು ಸಂಸಾರದಿಂದ ದೂರ ಕೂತು ಬರೆಯುವ ವಸ್ತುವೇ ಅಲ್ಲ. ಬಾಣಂತಿ ಕೋಣೆಯ ಕತ್ತಲು, ಅತ್ತೆಯ ದನಿಯಲ್ಲಿನ ಸಣ್ಣ ಬದಲಾವಣೆ, ಗಂಡ ತಡವಾಗಿ ಬಂದ ರಾತ್ರಿಯ ತಣ್ಣಗಿನ ಸಾರು ಎಲ್ಲವೂ ಅವರಿಗೆ ಸಾಮಗ್ರಿ. ಪಂಡಿತರು ಅದನ್ನು ಅಡುಗೆಮನೆ ಸಾಹಿತ್ಯ ಎಂದು ಕರೆದು ಪಕ್ಕಕ್ಕಿಟ್ಟರು. ಇಟ್ಟುಕೊಳ್ಳಲಿ. ಬಾಡಿಗೆ ಲೈಬ್ರರಿಯಲ್ಲಿ ಪುಟ ಮಡಚಿ, ಎಣ್ಣೆ ಕಲೆಯಾಗಿ ಹರಿದುಹೋಗಿದ್ದು ಪಂಡಿತರ ಪುಸ್ತಕಗಳಲ್ಲ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಇವರ ಬೆನ್ನಿಗೆ ಮನೆತನದ ಬಲವಿತ್ತು. ತ್ರಿವೇಣಿಗೆ ಬಿ.ಎಂ. ಶ್ರೀಕಂಠಯ್ಯ ದೊಡ್ಡಪ್ಪನಾಗಬೇಕು, ಗಂಡ ಇಂಗ್ಲಿಷ್ ಪ್ರಾಧ್ಯಾಪಕರು. ಎಂ.ಕೆ. ಇಂದಿರಾ ಅವರ ತಮ್ಮ 'ಪ್ರಜಾವಾಣಿ'ಯ ಟಿ.ಎಸ್. ರಾಮಚಂದ್ರರಾಯರು. ಹಸ್ತಪ್ರತಿ ಯಾರಿಗೆ ಕಳಿಸಬೇಕು, ತಿರುಗಿ ಬಂದರೆ ಏನು ಮಾಡಬೇಕು ಎಂದು ಹೇಳುವವರು ಮನೆಯಲ್ಲೇ ಇದ್ದರು. ಸಾತನೂರಿನ ರೇಷ್ಮೆ ಬೆಳೆಯುವ ಮನೆಯ ಸೊಸೆಗೆ ಅಂಥ ದೊಡ್ಡಪ್ಪನೂ ಇಲ್ಲ, ತಮ್ಮನೂ ಇಲ್ಲ. ಅವಳಿಗೆ ಹತ್ತಿರದ ಮಾದರಿ ಬೇರೆ ಕಡೆ ಇದೆ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರನ್ನೇ ತೆಗೆದುಕೊಳ್ಳಿ. ಮದುವೆಯಾಗಿ ಮಕ್ಕಳನ್ನು ಬೆಳೆಸಿ, 40 ದಾಟಿದ ಮೇಲೆ 'ಲಂಕೇಶ್ ಪತ್ರಿಕೆ'ಗೆ ಬರೆಯತೊಡಗಿದರು. 'ಚಂದ್ರಗಿರಿಯ ತೀರದಲ್ಲಿ' ಮೊದಲು ಅಲ್ಲೇ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಯಿತು. ಪರಸ್ಪರ ಪ್ರೀತಿಸುವ ಗಂಡ ಹೆಂಡತಿಯನ್ನು ತಂದೆಯ ಹಟ, ತಲಾಖಿನ ಕಟ್ಟಳೆ ಬೇರೆ ಮಾಡುವ ಕಥೆ ಅದು. ಮದುವೆಯಾದ ಮೇಲಿನ ಪ್ರೀತಿಗಿಂತ ಕಷ್ಟದ ಪ್ರೇಮಕಥೆ ಇನ್ನೊಂದಿಲ್ಲ ಎನ್ನುವುದಕ್ಕೆ ಆ ಕಾದಂಬರಿ ಸಾಕ್ಷಿ. ಚನ್ನಪಟ್ಟಣ, ರಾಮನಗರದ ಮುಸ್ಲಿಂ ಕೇರಿಗಳಲ್ಲಿ ಕನ್ನಡ ಶಾಲೆ ಓದಿದ ಹುಡುಗಿಯರಿಗೆ ಇದನ್ನು ಯಾರಾದರೂ ಕೊಟ್ಟಿದ್ದಾರೋ ಇಲ್ಲವೋ. ಇನ್ನು ಅನುಪಮಾ ನಿರಂಜನ. ರೋಗಿಗಳನ್ನು ನೋಡುವ ವೈದ್ಯೆ, ಇಬ್ಬರು ಹೆಣ್ಣುಮಕ್ಕಳ ತಾಯಿ, ಪಾರ್ಶ್ವವಾಯು ಬಡಿದ ಗಂಡನ ಆರೈಕೆ ಬೇರೆ. ಅವರೂ ಬರೆದರು.

ಅಮೆರಿಕದಲ್ಲೂ ಕಥೆ ಬೇರೆಯೇನಿಲ್ಲ. 1979ರ ಚಳಿಗಾಲದಲ್ಲಿ ಹಿಮ ಸುರಿದು ಮನೆಯಿಂದ ಹೊರಬರಲಾಗದೆ, ಇಬ್ಬರು ಪುಟ್ಟ ಗಂಡುಮಕ್ಕಳ ಜೊತೆ ಸಿಕ್ಕಿಕೊಂಡ ನೋರಾ ರಾಬರ್ಟ್ಸ್ ಬೇಸರ ಕಳೆಯಲು ನೋಟ್‌ಬುಕ್ಕಿನಲ್ಲಿ ಕಥೆ ಗೀಚತೊಡಗಿದರು. ಹಲವು ಹಸ್ತಪ್ರತಿ ತಿರುಗಿ ಬಂದವು. 1981ರಲ್ಲಿ ಮೊದಲನೆಯದು ಅಚ್ಚಾಯಿತು, ಆಮೇಲೆ ಬಂದವುಗಳ ಸಂಖ್ಯೆ 200 ದಾಟಿದೆ. ನಮ್ಮಲ್ಲಿ ಮಳೆ ಹಿಡಿದ ದಿನ ಪವರ್ ಕಟ್ ಆಗುತ್ತದೆ, ಮಿಕ್ಕಿದ್ದೆಲ್ಲ ಅದೇ.

1994ರಲ್ಲಿ ಉದಯ ಟಿವಿ ಬಂದ ಮೇಲೆ ಕಥೆ ಬದಲಾಯಿತು. ವಾರಕ್ಕೊಮ್ಮೆ ಕಾಯುತ್ತಿದ್ದವರಿಗೆ ದಿನಾ ಸಂಜೆ ಧಾರಾವಾಹಿ ಸಿಕ್ಕಿತು. ಬಾಡಿಗೆ ಲೈಬ್ರರಿಗಳು ಮೊದಲು ವಿಡಿಯೊ ಕ್ಯಾಸೆಟ್ ಇಟ್ಟವು, ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಬರೆಯುವ ಹೆಂಗಸರು ಎಲ್ಲೂ ಹೋಗಲಿಲ್ಲ, ಬರೆದದ್ದು ಹೋಗುವ ದಾರಿ ಮುಚ್ಚಿತು. ನಡುವಿನ ಎರಡು ದಶಕಗಳಲ್ಲಿ ಎಷ್ಟು ಕಾದಂಬರಿಗಳು ಬೀರುವಿನ ಸೀರೆಯ ಅಡಿಯಲ್ಲೇ ಉಳಿದವೋ ಯಾರು ಬಲ್ಲರು.

ಈಗ ಕಂತು ಮರಳಿ ಬಂದಿದೆ, ಕಾಗದದ ಬದಲು ಮೊಬೈಲಿನಲ್ಲಿ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡದ ಹೆಣ್ಣುಮಕ್ಕಳು ಬರೆಯುವ ಪ್ರೇಮಧಾರಾವಾಹಿಗಳು ಧಾರಾಳವಾಗಿವೆ. ಸಂಪಾದಕರ ಮರ್ಜಿ ಕಾಯಬೇಕಿಲ್ಲ, ಅಂಚೆ ಖರ್ಚಿಲ್ಲ, ಕಾವ್ಯನಾಮದ ಹಿಂದೆ ಅತ್ತೆಮನೆಯ ಕಣ್ಣು ತಪ್ಪಿಸಿಯೂ ಇರಬಹುದು. ವಾಣಿ, ತ್ರಿವೇಣಿ, ಸಾಯಿಸುತೆ ಎಲ್ಲ ಕಾವ್ಯನಾಮಗಳೇ ಎಂಬುದನ್ನು ಮರೆಯಬೇಡಿ. ಮುಂದಿನ ಅಧ್ಯಾಯವನ್ನು ಬೇಗ ಓದಬೇಕೆಂದವರು ನಾಣ್ಯ ಕೊಟ್ಟು ತೆರೆಯುವ ಏರ್ಪಾಡೂ ಇದೆ, ಅದರಲ್ಲಿ ಲೇಖಕಿಗೆ ಪಾಲು. ನನಗೆ ಇಲ್ಲಿ ಕಾಣುವ ತೊಡಕು ಒಂದೇ. ಹಿಂದೆ ಸಂಪಾದಕ ಎಂಬೊಬ್ಬ ಇದ್ದ. ಉದ್ದವಾಯಿತು, ಈ ಪಾತ್ರ ಯಾಕೆ, ಇದು ಸಿನಿಮಾದಲ್ಲಿ ಬಂದದ್ದಲ್ಲವೇ ಎಂದು ಕೇಳುತ್ತಿದ್ದ. ಈಗ ಓದುಗರು ಸೂಪರ್ ಮೇಡಂ ಎನ್ನುತ್ತಾರೆ, 40 ಕಂತಿನ ಕಥೆ 140 ಆಗುತ್ತದೆ. ಕೋಟ್ಯಧಿಪತಿ ನಾಯಕ, ಒಪ್ಪಂದದ ಮದುವೆ, ಬೆಂಗಳೂರಿನ ಗಾಜಿನ ಕಟ್ಟಡ. ಬರೆಯುವವಳು ಇರುವುದು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ, ನಾಯಕಿ ಇರುವುದು ಪೆಂಟ್‌ಹೌಸಿನಲ್ಲಿ.

ಸಿಟ್ಟು ಬರುವುದು ಇಲ್ಲೇ. ರಾಮನಗರದ ರಾಮದೇವರ ಬೆಟ್ಟದ ತಪ್ಪಲಲ್ಲಿ ಹಿಂದಿಯವರು ಬಂದು ಹಳ್ಳಿ ಕಟ್ಟಿ 'ಶೋಲೆ' ತೆಗೆದರು, 1975ರಿಂದ ಇಡೀ ದೇಶ ಬಸಂತಿಯ ಟಾಂಗಾ ನೋಡುತ್ತಿದೆ. ಆ ಬಂಡೆಗಳ ಕೆಳಗೇ ಬದುಕುವವರ ಪ್ರೇಮಕಥೆ ಎಲ್ಲಿ? ತ್ರಿವೇಣಿ, ವಾಣಿಯವರ ಲೋಕ ಬಹುಪಾಲು ಓದಿದ ಮಧ್ಯಮವರ್ಗದ ಮನೆಗಳದ್ದು, ಅದು ಅವರು ಕಂಡ ಲೋಕ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ತಾವು ಕಂಡದ್ದನ್ನು ಬರೆದರು. ಪ್ರೇಮಕಾದಂಬರಿಗೆ ಆ ಕೆಲಸ ಬಾಕಿ ಇದೆ.

ಸಾಮಗ್ರಿಗೆ ಬರವಿಲ್ಲ. ರೇಷ್ಮೆಹುಳು ಮನೆಗೆ ಬಂದರೆ ಸುಮಾರು 25 ದಿನ ಆ ಮನೆಯ ಗಡಿಯಾರವೇ ಬೇರೆ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲಿನ ವಾರ ಹುಳು ತಿನ್ನುವ ಸೊಪ್ಪು ಒಟ್ಟು ಮೇವಿನ ಮುಕ್ಕಾಲು ಪಾಲನ್ನೂ ಮೀರುತ್ತದೆ. ಹಗಲು ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಹೊಸದಾಗಿ ಮದುವೆಯಾದ ಜೋಡಿಯೊಂದು ಆ ವಾರವನ್ನು ಹೇಗೆ ಕಳೆಯುತ್ತದೆ? ಇಬ್ಬರಿಗೂ ನಿದ್ದೆಯಿಲ್ಲ, ಹುಳುಮನೆಯಲ್ಲಿ ಮಳೆ ಬಿದ್ದ ಹಾಗೆ ಸೊಪ್ಪು ಕಡಿಯುವ ಸದ್ದು, ಪಕ್ಕದಲ್ಲೇ ಅತ್ತೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನ ದರ ಬಿದ್ದರೆ ಅವಳ ಕಿವಿಯ ಓಲೆ ಗಿರವಿ ಅಂಗಡಿಗೆ. ಒಪ್ಪಂದದ ಮದುವೆಯ ಕೋಟ್ಯಧಿಪತಿಗಿಂತ ಇದರಲ್ಲಿ ಕುತೂಹಲ ಕಡಿಮೆಯೇ? ನೂಲು ಬಿಚ್ಚುವ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈ ಹಾಕಿ ಬೆರಳು ಸುಕ್ಕಾದ ಹುಡುಗಿಗೆ ಯಾರೋ ತಂದುಕೊಟ್ಟ ಉಂಗುರ, ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಹಾಲೆ ಮರಕ್ಕೆ ಅರಗು ಹಚ್ಚುತ್ತಾ ಪಕ್ಕಪಕ್ಕ ಕೂತ ಇಬ್ಬರು, ಬೆಳಗಿನ ಮೆಮು ರೈಲಿನಲ್ಲಿ ಗಾರ್ಮೆಂಟ್ಸಿಗೆ ಹೋಗುವವಳು ದಿನವೂ ಜಾಗ ಹಿಡಿದಿಡುವ ಆ ಸೀಟು. ಇವಕ್ಕೆಲ್ಲ ಪುಸ್ತಕದ ಭಾಷೆಯೂ ಬೇಡ. ಬತ್ತೀನಿ, ಓಯ್ತೀನಿ ಎನ್ನುವ ನಮ್ಮ ಸೀಮೆಯ ಮಾತಿನಲ್ಲೇ ನಾಯಕಿ ಮುನಿಸಿಕೊಳ್ಳಲಿ.

ಬರೆದದ್ದಾಯಿತು, ಇನ್ನು ಪುಸ್ತಕವಾಗುವ ವಿಚಾರ. ಇಷ್ಟು ಪ್ರತಿ ನೀವೇ ಕೊಳ್ಳಬೇಕು, ಅಚ್ಚಿನ ಖರ್ಚು ನಿಮ್ಮದೇ ಎನ್ನುವ ಪ್ರಕಾಶಕರಿದ್ದಾರೆ. ಅದು ಪ್ರಕಾಶನವಲ್ಲ, ಮುದ್ರಣದ ವ್ಯಾಪಾರ. ಹಾಗೆಂದು ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಅವಮಾನವೇನಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರ ಹೊತ್ತಿಗೇ 'ಸತೀ ಹಿತೈಷಿಣಿ' ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿ ತಾವೇ ಹೊರತಂದರು. ಗೊತ್ತಿದ್ದು ಮಾಡಿದರೆ ಸರಿ, ಗೊತ್ತಿಲ್ಲದೆ ಸಿಕ್ಕಿಬಿದ್ದರೆ ಮೋಸ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅರ್ಜಿ ಕರೆದಾಗ ಹಾಕಬೇಕು. ಹಿರಿಯ ಲೇಖಕಿಯರ ಪರಿಚಯ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ಲೇಖಕಿಯರ ಸಂಘದ ಬಾಗಿಲು ತೆರೆದೇ ಇದೆ.

ಸಹಿ ಹಾಕುವಾಗ ಕಣ್ಣು ತೆರೆದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಕೊಡುವುದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಕರಾರಿನಲ್ಲಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಎಂದೇ ಲೆಕ್ಕ. ಶಾಶ್ವತವಾಗಿ ಎಂಬ ಒಂದು ಪದ ಸಣ್ಣಕ್ಷರದಲ್ಲಿ ಅಡಗಿದ್ದರೆ ಅದನ್ನು ಹೊಡೆದುಹಾಕಿಸಿ. ಸಿನಿಮಾ, ಧಾರಾವಾಹಿ, ಆಡಿಯೊ, ಅನುವಾದ ಒಂದೊಂದೂ ಬೇರೆ ಬೇರೆ ಹಕ್ಕು, ಪುಸ್ತಕದ ಪ್ರಕಾಶಕನಿಗೆ ಎಲ್ಲವನ್ನೂ ಸೇರಿಸಿ ಬರೆದುಕೊಡಬೇಕಿಲ್ಲ. 'ಬ್ಯಾರಿ' ಸಿನಿಮಾ ತಮ್ಮ ಕಾದಂಬರಿಯಿಂದ ಎತ್ತಿದ್ದು ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೆ ಹೋದರು, ಅದೂ ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾದ ಮೇಲೆ. ತೀರ್ಪು ಅವರ ಪರವಾಗಿಯೇ ಬಂತು.

ಲೇಖಕಿಯ ಆಯುಷ್ಯ ಮುಗಿದ ಮೇಲೂ 60 ವರ್ಷ ಈ ಹಕ್ಕು ವಾರಸುದಾರರ ಕೈಯಲ್ಲಿರುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಲೆಕ್ಕ 2023ರ ಡಿಸೆಂಬರ್‌ಗೆ ಮುಗಿಯಿತು. ಬದುಕಿದ್ದಾಗ ಅವರು ಪ್ರಕಟಿಸಿದ ಕಾದಂಬರಿಗಳು ಈಗ ಎಲ್ಲರವು. ಚನ್ನಪಟ್ಟಣದ ಮುದ್ರಣಾಲಯದವರೊಬ್ಬರು ಮನಸ್ಸು ಮಾಡಿದರೆ ಅವನ್ನು ಕಡಿಮೆ ಬೆಲೆಗೆ ಅಚ್ಚು ಹಾಕಿ, ನಮ್ಮ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳಿಗೆ ಹಂಚಬಹುದು. ಯಾರ ಅಪ್ಪಣೆಯೂ ಬೇಡ.